ದೂರು ಎಂದರೆ ಕೈಮುಗಿಯುವ ಅರ್ಜಿಯಲ್ಲ

ನಮ್ಮ ಕರಾವಳಿಯಲ್ಲಿ ಜಾತಿ ಇಲ್ಲ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ‘ಇದು ಬುದ್ಧಿವಂತರ ಜಿಲ್ಲೆ ಮಾರಾಯ, ಅಂಥದ್ದೆಲ್ಲ ಘಟ್ಟದ ಮೇಲೆ’ ಎಂಬ ಮಾತನ್ನು ನೀವು ಕ್ಲಾಸಿನಲ್ಲಿ ಕೇಳಿದ್ದೀರಿ, ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಕೇಳಿದ್ದೀರಿ, ಕ್ಯಾಂಟೀನಿನಲ್ಲಿ ಚಾ ಕುಡಿಯುವಾಗ ಕೇಳಿದ್ದೀರಿ. ಜಾತಿಯೇ ಇಲ್ಲದ ಇದೇ ಜಿಲ್ಲೆಯಲ್ಲಿ ಬಾಡಿಗೆ ರೂಮು ಕೇಳಲು ಹೋದ ಹುಡುಗನಿಗೆ ‘ನೀವು ಯಾವ ಜನ?’ ಅಂತ ಕೇಳುತ್ತಾರೆ. ಸ್ವಲ್ಪ ಓದಿದ ಮಾಲೀಕನಾದರೆ ‘ಪೂರ್ತಿ ಹೆಸರು ಹೇಳಿ’ ಅನ್ನುತ್ತಾನೆ. ಇನ್ನೂ ಸ್ವಲ್ಪ ಓದಿದವನಾದರೆ ‘ವೆಜ್ಜಾ, ನಾನ್‌ವೆಜ್ಜಾ?’ ಅನ್ನುತ್ತಾನೆ. ಮೂರೂ ಒಂದೇ ಪ್ರಶ್ನೆ. ಉತ್ತರ ಸಿಕ್ಕಿದ ಮೇಲೆ ರೂಮು ನಿನ್ನೆಯೇ ಯಾರಿಗೋ ಕೊಟ್ಟಾಗಿರುತ್ತದೆ. ಬೋರ್ಡು ಮಾತ್ರ ಮರುದಿನವೂ ಗೇಟಿನಲ್ಲಿ ನೇತಾಡುತ್ತಿರುತ್ತದೆ.

ಹೀಗೆ ಕೇಳಿಸಿಕೊಂಡು ಬಂದವರು ಏನು ಮಾಡುತ್ತಾರೆ? ಬೇರೆ ರೂಮು ಹುಡುಕುತ್ತಾರೆ. ರಾತ್ರಿ ಹಾಸ್ಟೆಲಿಗೆ ಬಂದು ಗೆಳೆಯರ ಹತ್ತಿರ ಹೇಳಿಕೊಂಡು ನಗುತ್ತಾರೆ. ಬರೆಯುವ ಅಭ್ಯಾಸ ಇದ್ದವರು ಕವಿತೆ ಬರೆಯುತ್ತಾರೆ. ಕವಿತೆ ಬೇಡ ಅಂತ ನಾವು ಹೇಳುವುದಿಲ್ಲ, ನಾವೂ ಬರೆಯುವವರೇ. ಆದರೆ ಕವಿತೆಗೆ ಠಾಣೆಯಲ್ಲಿ ನಂಬರು ಬೀಳುವುದಿಲ್ಲ. ದೂರಿಗೆ ಬೀಳುತ್ತದೆ. ಅದಕ್ಕೇ ಈ ಸಲ ದೂರಿನ ಬಗ್ಗೆ ಮಾತಾಡಬೇಕಾಗಿದೆ.

ನಮ್ಮ ಅಜ್ಜಂದಿರು, ಅಪ್ಪಂದಿರು ಅರ್ಜಿ ಬರೆಸಿದವರು. ಮನೆ ನಿವೇಶನಕ್ಕೆ ಅರ್ಜಿ, ದರ್ಖಾಸ್ತು ಜಮೀನಿಗೆ ಅರ್ಜಿ, ಹೆಣ ಸುಡಲು ಜಾಗ ಕೊಡಿ ಅಂತ ಅರ್ಜಿ. ‘ದಯಾಮಯರಾದ ತಾವು ಬಡವನಾದ ನನ್ನ ಮೇಲೆ ಕೃಪೆಯಿಟ್ಟು’ ಅಂತ ಶುರುವಾಗಿ ಹೆಬ್ಬೆಟ್ಟಿನಲ್ಲಿ ಮುಗಿಯುವ ಕಾಗದ ಅದು. ಅರ್ಜಿಯಲ್ಲಿ ಕೇಳುವವನು ಕೆಳಗೆ, ಕೊಡುವವನು ಮೇಲೆ. ಕೊಟ್ಟರೆ ಉಪಕಾರ, ಕೊಡದಿದ್ದರೆ ನಮ್ಮ ಹಣೆಬರಹ. ದೂರು ಆ ಜಾತಿಯ ಕಾಗದವಲ್ಲ. ಇಂಥವನು ಇಂಥ ದಿನ ಇಂಥ ಜಾಗದಲ್ಲಿ ಅಪರಾಧ ಮಾಡಿದ್ದಾನೆ, ಅದನ್ನು ದಾಖಲು ಮಾಡುವುದು ಸರ್ಕಾರದ ಸಂಬಳ ತಿನ್ನುವವನ ಕೆಲಸ ಎಂದು ಹೇಳುವ ಕಾಗದ ಅದು. ಡಿಗ್ರಿ ಓದುವ ನಮ್ಮ ಹುಡುಗರು ಕೂಡ ದೂರನ್ನು ಅರ್ಜಿಯ ಭಾಷೆಯಲ್ಲೇ ಬರೆಯುತ್ತಾರೆ. ‘ನನಗೆ ನೋವಾಗಿದೆ, ದಯವಿಟ್ಟು ಅವರಿಗೆ ಬುದ್ಧಿ ಹೇಳಿ’ ಅಂತ ಬರೆದರೆ ಠಾಣೆಯವರು ಬುದ್ಧಿಯನ್ನೇ ಹೇಳುತ್ತಾರೆ. ಪಿಟಿಷನ್ ಅಂತ ತೆಗೆದುಕೊಂಡು, ಎರಡೂ ಕಡೆಯವರನ್ನು ಕರೆಸಿ, ಒಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಕೇಸು ಅಲ್ಲೇ ಸತ್ತಿತು.

ಈ ಜಿಲ್ಲೆಯಲ್ಲೇ ನಡೆದ ಎರಡು ಸಂಗತಿ ನೋಡಿ.

2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗರ ಕಾಲೊನಿಯಲ್ಲಿ ಮೆಹಂದಿ ನಡೆದಿತ್ತು. ಡಿಜೆ ಸದ್ದಿನ ದೂರು ಬಂತು ಅಂತ ಹೋದ ಪೊಲೀಸರು ಲಾಠಿ ಬೀಸಿದರು. ಮದುಮಗನೂ ಪೆಟ್ಟು ತಿಂದ. ಜನ ಎದ್ದ ಮೇಲೆ ಸಬ್‌ಇನ್‌ಸ್ಪೆಕ್ಟರ್ ಅಮಾನತಾದರು, ಪೊಲೀಸರ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ಬಿತ್ತು. ಅದರ ಬೆನ್ನಿಗೇ ಪೆಟ್ಟು ತಿಂದ ಕೊರಗರ ಮೇಲೂ ಕೇಸು ಬಿತ್ತು, ಕರ್ತವ್ಯಕ್ಕೆ ಅಡ್ಡಿ ಮಾಡಿದರು ಅಂತ. ಆಗಿನ ಗೃಹಮಂತ್ರಿ ಕಾಲೊನಿಗೆ ಬಂದರು, ತನಿಖೆ ಸಿಐಡಿಗೆ ಹೋಯಿತು. ನಾವು ಕಲಿಯಬೇಕಾದದ್ದು ಇಷ್ಟು: ದೂರು ಕೊಟ್ಟವನ ಮೇಲೆ ಪ್ರತಿದೂರು ಬಂದೇ ಬರುತ್ತದೆ. ಅದು ನಮ್ಮ ದೂರು ಸುಳ್ಳೆಂಬುದಕ್ಕೆ ಸಾಕ್ಷಿಯಲ್ಲ.

ಎರಡನೆಯದು 2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ ನಡೆದದ್ದು. ಮೀನು ಕದ್ದಳು ಅಂತ ಒಬ್ಬ ವಲಸೆ ಕಾರ್ಮಿಕ ಹೆಂಗಸನ್ನು, ನಮ್ಮಂತೆ ಪರಿಶಿಷ್ಟ ಜಾತಿಯವಳನ್ನು, ಮರಕ್ಕೆ ಕಟ್ಟಿ ಹೊಡೆದರು. ಸುತ್ತ ಜನ ನಿಂತು ನೋಡಿದರು. ವಿಡಿಯೋ ಊರೆಲ್ಲ ಹರಡಿದ ಮೇಲೆ ಕೇಸಾಯಿತು, ಬಂಧನವಾಯಿತು. ಆಮೇಲೆ ಬಂಧಿತರ ಪರವಾಗಿ ಮಲ್ಪೆಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಹೊಡೆಸಿಕೊಂಡವಳ ಪರವಾಗಿ ಅಷ್ಟು ಜನ ಸೇರಲಿಲ್ಲ. ಆ ತಾಯಿಗೆ ಈ ಊರಿನಲ್ಲಿ ಗದ್ದೆ ಇಲ್ಲ, ನೆಂಟರಿಲ್ಲ, ನಾಳೆ ಕೂಲಿ ಕೊಡಬೇಕಾದದ್ದೂ ಅದೇ ಬಂದರು. ಇಂಥವರು ದೂರು ಕೊಡಬೇಕಾದರೆ ಕಾನೂನಿನ ಪುಸ್ತಕ ಸಾಲದು, ಪಕ್ಕದಲ್ಲಿ ಮನುಷ್ಯರು ಬೇಕು.

ದೂರು ಹೇಳುವುದು ಈ ನೆಲಕ್ಕೆ ಹೊಸದಲ್ಲ. ತುಳುನಾಡಿನಲ್ಲಿ ಅನ್ಯಾಯವಾದವನು ದೈವದ ಮುಂದೆ ಹೋಗಿ ದೂರು ಹೇಳುತ್ತಾನೆ. ದೈವ ಊರವರ ಎದುರಿಗೇ ನುಡಿ ಕೊಡುತ್ತದೆ. ಅಲ್ಲಿ ದೂರು ಹೇಳಿದವನ ಮರ್ಯಾದೆ ಹೋಗುವುದಿಲ್ಲ. ಆ ದೈವದ ಅಣಿ ಹೊತ್ತು ಗಗ್ಗರ ಕಟ್ಟಿ ನಿಲ್ಲುವವರು ಯಾರು? ಪಂಬದರು, ಪರವರು, ನಲಿಕೆಯವರು. ರಾತ್ರಿ ಇಡೀ ಗುತ್ತಿನ ಯಜಮಾನ ಅವರೆದುರು ತಲೆ ತಗ್ಗಿಸಿ ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅವರು ಜಾಲಿನಲ್ಲಿ ನಿಲ್ಲಬೇಕು. ಕಳೆದುಹೋದದ್ದನ್ನು ಹುಡುಕಿಕೊಡು ಅಂತ ಕೊರಗಜ್ಜನಿಗೆ ಚಕ್ಕುಲಿ, ಬೀಡ ಹರಕೆ ಹೇಳುವ ಜನವೇ ಕೊರಗರ ಕೈಯಲ್ಲಿ ಅಜಲು ಮಾಡಿಸಿದರು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿದರು, ಕಂಬಳದ ಕೋಣಗಳ ಮುಂದೆ ಓಡಿಸಿದರು. ಅದನ್ನು ಅಪರಾಧ ಎಂದು ಹೇಳಲು ಕರ್ನಾಟಕ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಮಾಡಬೇಕಾಯಿತು. ಒಂದು ಸಮುದಾಯದ ಹೆಸರು ಹಿಡಿದು ಕಾಯ್ದೆ ಮಾಡಬೇಕಾದ ಜಿಲ್ಲೆಗಳಲ್ಲಿ ಜಾತಿ ಇಲ್ಲವಂತೆ!

ದೂರು ಕೊಡಲು ಹೊರಟವನನ್ನು ತಡೆಯುವವರು ಲಾಠಿ ಹಿಡಿದು ಬರುವುದಿಲ್ಲ. ಬಹಳ ಪ್ರೀತಿಯಿಂದ ಬರುತ್ತಾರೆ. ‘ಒಂದೇ ಊರಿನವರು ನಾವು, ಇದನ್ನೆಲ್ಲ ಎಂತಕ್ಕೆ ದೊಡ್ಡದು ಮಾಡುದು?’ ಅನ್ನುತ್ತಾರೆ. ‘ನಿನ್ನ ಭವಿಷ್ಯ ಹಾಳಾಗ್ತದೆ ಮಗಾ, ಇಂಟರ್ನಲ್ಸ್ ಅವರ ಕೈಯಲ್ಲಿ ಉಂಟಲ್ವಾ’ ಅನ್ನುತ್ತಾರೆ. ಅಪ್ಪ ದುಡಿಯುವ ತೋಟದ ದಣಿಯಿಂದ ಮನೆಗೆ ಫೋನು ಹೋಗುತ್ತದೆ. ಅಮ್ಮ ಅಳುತ್ತಾಳೆ. ಕೊನೆಗೆ ಯಾರದೋ ಚಾವಡಿಯಲ್ಲಿ ಪಂಚಾತಿಕೆ ಆಗಿ, ಬೈದವನು ‘ತಪ್ಪಾಯ್ತು’ ಅಂತ ಬಾಯಿ ಮಾತಿಗೆ ಹೇಳಿ, ಬೈಸಿಕೊಂಡವನಿಂದ ‘ಯಾವ ತಕರಾರೂ ಇಲ್ಲ’ ಅಂತ ಬರೆಸಿಕೊಳ್ಳುತ್ತಾರೆ. ಪೆಟ್ಟು ತಿಂದವನ ಸಹಿ ಮಾತ್ರ ಕಾಗದದಲ್ಲಿ ಉಳಿಯುತ್ತದೆ. ಹೊಡೆದವನದು ಎಲ್ಲೂ ಇಲ್ಲ. ಗೆಳೆಯರೇ, ಇಂಥ ಕಾಗದಕ್ಕೆ ಸಹಿ ಹಾಕಬೇಡಿ. ಹೆದರಿಕೆಯಾದರೆ ಸಮಯ ಕೇಳಿ, ಜೊತೆಗೆ ಒಬ್ಬರನ್ನು ಕರೆಸಿಕೊಳ್ಳಿ, ಸಹಿ ಮಾತ್ರ ಬೇಡ.

ಕೈಯಲ್ಲಿ ಏನುಂಟು ಅಂತ ತಿಳಿದುಕೊಳ್ಳೋಣ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದಕ್ಕೆ ಹಲ್ಲು ಕೊಡಲು 1955ರಲ್ಲಿ ಬಂದ ಕಾಯ್ದೆಗೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು. ಹೋಟೆಲು, ಅಂಗಡಿ, ಬಾವಿ, ದಾರಿ, ದೇವಸ್ಥಾನ, ಆಸ್ಪತ್ರೆ, ಹಾಸ್ಟೆಲು ಎಲ್ಲ ಇದರೊಳಗೆ ಬರುತ್ತವೆ. ವಾಸಕ್ಕೆ ಮನೆ ಹಿಡಿಯುವುದೂ ಇದರ 4ನೆಯ ಕಲಮಿನಲ್ಲಿದೆ, ಅದಕ್ಕೇ ರೂಮಿನ ವಿಷಯ ‘ಅವರ ಮನೆ, ಅವರಿಷ್ಟ’ ಅಂತ ಬಿಟ್ಟುಬಿಡುವಂಥದ್ದಲ್ಲ. ಇದರ 12ನೆಯ ಕಲಮು ಬಹಳ ಜನರಿಗೆ ಗೊತ್ತಿಲ್ಲ. ಪರಿಶಿಷ್ಟ ಜಾತಿಯವನ ಮೇಲೆ ಇಂಥ ಕೃತ್ಯ ನಡೆದದ್ದು ರುಜುವಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊರೆ ಮಾಡಿದವನದು. ಶಿಕ್ಷೆ ಮಾತ್ರ ಸಣ್ಣದು, ಒಂದರಿಂದ 6 ತಿಂಗಳು.

ದೊಡ್ಡ ಅಸ್ತ್ರ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಜಾರಿಗೆ ಬಂದದ್ದು 1990ರ ಜನವರಿ 30ಕ್ಕೆ, ನಿಯಮಗಳು 1995ರಲ್ಲಿ, ದೊಡ್ಡ ತಿದ್ದುಪಡಿ ಜಾರಿಯಾದದ್ದು 2016ರ ಜನವರಿ 26ಕ್ಕೆ. ಅವಮಾನ ಮಾಡುವ ಉದ್ದೇಶದಿಂದ ಬೈದರೆ, ಜಾತಿ ಹೆಸರಿಡಿದು ನಿಂದಿಸಿದರೆ, ತಿನ್ನಬಾರದ್ದನ್ನು ತಿನ್ನಿಸಿದರೆ, ಬಹಿಷ್ಕಾರ ಹಾಕಿದರೆ, ದಾರಿ ತಡೆದರೆ 3ನೆಯ ಕಲಮಿನ ಕೆಳಗೆ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು. ಬೈಗುಳದ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ್ದು ಈ ಕಲಮಿಗೆ ಬರುವುದಿಲ್ಲ ಎಂದು 2020ರ ನವೆಂಬರಿನಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಆ ಹೊತ್ತಿನಲ್ಲಿ ಯಾರು ಯಾರಿದ್ದರು, ಎಲ್ಲಿ ನಿಂತಿದ್ದರು ಎಂಬುದು ದೂರಿನ ಜೀವ.

ಇನ್ನು ಬರೆಯುವ ಕೆಲಸ. ಇಲ್ಲಿ ನಮ್ಮ ಕವಿಗಳಿಗೆ ಒಂದು ಕಿವಿಮಾತು. ದೂರಿನಲ್ಲಿ ರೂಪಕ ಬೇಡ. ‘ನನ್ನ ಎದೆಗೆ ಬೆಂಕಿ ಬಿತ್ತು’ ಅಂತ ಬರೆಯಬೇಡಿ, ದಿನಾಂಕ ಬರೆಯಿರಿ. ‘ಶತಮಾನಗಳ ಶೋಷಣೆ’ ಅಂತ ಬರೆಯಬೇಡಿ, ಗಂಟೆ ಎಷ್ಟಾಗಿತ್ತು ಅಂತ ಬರೆಯಿರಿ. ಹೀಗೆ:

‘ನಾನು ಪರಿಶಿಷ್ಟ ಜಾತಿಗೆ ಸೇರಿದವನು. ಇಂಥ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಇಂಥ ದಿನಾಂಕ ಶನಿವಾರ ಸಂಜೆ ಐದೂವರೆಗೆ ಇಂಥ ರಸ್ತೆಯಲ್ಲಿ ರೂಮು ಬಾಡಿಗೆಗಿದೆ ಎಂಬ ಬೋರ್ಡು ನೋಡಿ ನಾನೂ ನನ್ನ ಗೆಳೆಯನೂ ಹೋದೆವು. ಮಾಲೀಕರು ರೂಮು ತೋರಿಸಿ ಬಾಡಿಗೆ ಹೇಳಿದರು. ಆಮೇಲೆ ಜಾತಿ ಕೇಳಿದರು. ನಾನು ಹೇಳಿದೆ. ಆಗ ಅವರು ಗೇಟಿನ ಹತ್ತಿರ ನಿಂತು, ರಸ್ತೆಯಲ್ಲಿದ್ದ ಮೂವರಿಗೆ ಕೇಳುವಂತೆ ಈ ಮಾತು ಆಡಿದರು.’

ಇಲ್ಲಿ ಆಡಿದ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆಯಬೇಕು. ತುಳುವಿನಲ್ಲಿ ಬೈದಿದ್ದರೆ ತುಳುವಿನಲ್ಲೇ. ನಮ್ಮವರು ಸೋಲುವುದು ಇಲ್ಲೇ. ‘ಕೆಟ್ಟದಾಗಿ ಬೈದರು’, ‘ಜಾತಿ ನಿಂದನೆ ಮಾಡಿದರು’ ಅಂತ ಬರೆದು ಬಿಟ್ಟುಬಿಡುತ್ತಾರೆ. ಆ ಶಬ್ದ ಬರೆಯಲು ಕೈ ನಡುಗುತ್ತದೆ, ನಾಚಿಕೆಯಾಗುತ್ತದೆ. ನಾಚಬೇಕಾದವನು ಆಡಿದವನು. ಆ ಶಬ್ದ ಎಫ್‌ಐಆರ್‌ನಲ್ಲಿ ಇಲ್ಲದಿದ್ದರೆ ಕೋರ್ಟಿನಲ್ಲಿ ವಕೀಲ ಕೇಳುವ ಮೊದಲ ಪ್ರಶ್ನೆಯೇ ಅದು. ಆಗದ್ದನ್ನು ಸೇರಿಸಬೇಡಿ, ಇಲ್ಲದ ಸಾಕ್ಷಿಯನ್ನು ಹುಟ್ಟಿಸಬೇಡಿ. ಒಂದು ಸುಳ್ಳು ಸಾಲು ಹತ್ತು ನಿಜದ ಸಾಲನ್ನು ತಿಂದುಹಾಕುತ್ತದೆ, ಮುಂದೆ ಬರುವವನ ದೂರನ್ನೂ ತಿನ್ನುತ್ತದೆ.

ಎಲ್ಲಿಗೆ ಕೊಡುವುದು? ಮೊದಲು ಠಾಣೆಗೆ. ಬರೆದು ಕೊಡಲು ಬಾರದವರು ಬಾಯಲ್ಲಿ ಹೇಳಬಹುದು. ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಪುಕ್ಕಟೆ ಕೊಡುವುದು ಅಧಿಕಾರಿಯ ಕರ್ತವ್ಯ. ಇದು ನಮ್ಮ ವ್ಯಾಪ್ತಿಯಲ್ಲ, ಕಾಪುವಿಗೆ ಹೋಗಿ, ಕಾರ್ಕಳಕ್ಕೆ ಹೋಗಿ ಅಂತ ಓಡಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದಾಖಲಿಸಿ ಕಳಿಸಿಕೊಡಬೇಕು. ಮೊದಲು ವಿಚಾರಣೆ ಮಾಡಿ ನೋಡ್ತೇವೆ ಅಂದರೆ 18ಎ ಕಲಮು ನೆನಪಿಸಿ: ಎಫ್‌ಐಆರ್ ಹಾಕಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಈ ಕಾಯ್ದೆಯ ಹಲ್ಲು ಕಿತ್ತಾಗ ಏಪ್ರಿಲ್ 2ರಂದು ದೇಶದ ದಲಿತರು ಬೀದಿಗಿಳಿದರು, ಜೀವಗಳು ಹೋದವು. ಆ ವರ್ಷವೇ ಪಾರ್ಲಿಮೆಂಟು 18ಎ ತಂದಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಕಲಮಿನಲ್ಲಿ ರಕ್ತ ಇದೆ, ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯಬೇಡಿ.

ಠಾಣೆಯವರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಕೋರ್ಟು. ಬೇಕಂತಲೇ ಕರ್ತವ್ಯ ಮಾಡದ, ಪರಿಶಿಷ್ಟರಲ್ಲದ ಅಧಿಕಾರಿಗೆ ಕಾಯ್ದೆಯ 4ನೆಯ ಕಲಮಿನಲ್ಲಿ 6 ತಿಂಗಳಿಂದ ಒಂದು ವರ್ಷದ ಶಿಕ್ಷೆ ಇದೆ, ಅದಕ್ಕೆ ಮೊದಲು ಇಲಾಖಾ ವಿಚಾರಣೆಯ ಶಿಫಾರಸು ಬೇಕು. ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರು, ಮುಗಿಸಬೇಕಾದದ್ದು 60 ದಿನದಲ್ಲಿ. ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ ತನ್ನದೇ 33 ಠಾಣೆಗಳ ವ್ಯವಸ್ಥೆಯಾಗಿದೆ. 14566 ಎಂಬುದು ದೌರ್ಜನ್ಯದ ವಿರುದ್ಧದ ಸಹಾಯವಾಣಿ. ವಕೀಲರ ಫೀಜಿಗೆ ಹೆದರಬೇಕಾಗಿಲ್ಲ. ಪರಿಶಿಷ್ಟರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ. ಪರಿಹಾರವೂ ಇದೆ. ಸ್ವಲ್ಪ ಎಫ್‌ಐಆರ್ ಹಂತದಲ್ಲಿ, ಉಳಿದದ್ದು ಮುಂದಿನ ಹಂತಗಳಲ್ಲಿ. ಅದು ದಾನವಲ್ಲ, ನಿಯಮ. ‘ದುಡ್ಡಿಗಾಗಿ ಕೇಸು ಹಾಕಿದ’ ಅಂತ ಯಾರಾದರೂ ಅಂದರೆ ಈ ಮಾತು ಹೇಳಿ.

ಮಾನವ ಹಕ್ಕು ಆಯೋಗಕ್ಕೆ ಬರೆದರೆ ಸಾಲದೇ ಅಂತ ಬಹಳ ಗೆಳೆಯರು ಕೇಳುತ್ತಾರೆ. 1993ರ ಕಾಯ್ದೆಯ ಕೆಳಗೆ ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ 2007ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ. ಕನ್ನಡದಲ್ಲೇ ಬರೆಯಬಹುದು, ಶುಲ್ಕ ಇಲ್ಲ, ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು. ಆದರೆ ಅದು ನೋಡುವುದು ಸರ್ಕಾರಿ ನೌಕರರು ಮಾಡಿದ ಅಥವಾ ತಡೆಯದೆ ಬಿಟ್ಟ ಹಕ್ಕು ಉಲ್ಲಂಘನೆಯನ್ನು. ರೂಮಿನ ಮಾಲೀಕನ ವಿರುದ್ಧ ನೇರವಾಗಿ ಅಲ್ಲಿಗೆ ಹೋದರೆ ಕಾಗದ ವಾಪಸು ಬರಬಹುದು. ಅವನ ಮೇಲಿನ ದೂರನ್ನು ತೆಗೆದುಕೊಳ್ಳದ ಠಾಣೆಯ ವಿರುದ್ಧ, ಊಟದಲ್ಲಿ ಭೇದ ಮಾಡುವ ಸರ್ಕಾರಿ ಹಾಸ್ಟೆಲಿನ ವಾರ್ಡನ್ನಿನ ವಿರುದ್ಧ, ಮುಟ್ಟದೆ ಔಷಧಿ ಬರೆಯುವ ಸರ್ಕಾರಿ ಡಾಕ್ಟರ ವಿರುದ್ಧ ಹೋಗಬೇಕು. ಬೇರೆ ಆಯೋಗದ ಮುಂದೆ ಇರುವ ವಿಷಯವನ್ನು ಅದು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಹತ್ತು ಕಡೆಗೆ ಒಂದೇ ದಿನ ಜೆರಾಕ್ಸ್ ಹಂಚಬೇಡಿ. ಆಯೋಗ ವಿಚಾರಣೆ ನಡೆಸುತ್ತದೆ, ಶಿಫಾರಸು ಮಾಡುತ್ತದೆ, ಜೈಲಿಗೆ ಹಾಕುವುದಿಲ್ಲ. ಎಫ್‌ಐಆರ್‌ನ ಜಾಗದಲ್ಲಿ ಅದನ್ನು ಇಡಬೇಡಿ, ಎಫ್‌ಐಆರ್‌ನ ಪಕ್ಕದಲ್ಲಿ ಇಡಿ.

ಕಾಲೇಜಿನೊಳಗಿನ ಕಥೆ ಬೇರೆ. ಅಲ್ಲಿ ಯಾರೂ ಜಾತಿ ಹೆಸರಿಡಿದು ಬೈಯುವುದಿಲ್ಲ. ‘ಕೋಟಾದಲ್ಲಿ ಬಂದವರು’ ಅಂತಾರೆ, ಪ್ರಾಜೆಕ್ಟಿನ ಗುಂಪಿಗೆ ಸೇರಿಸುವುದಿಲ್ಲ, ವೈವಾದಲ್ಲಿ ರ‍್ಯಾಂಕು ಕೇಳುತ್ತಾರೆ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದದ್ದು, 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಡಾಕ್ಟರ್ ಪಾಯಲ್ ತಡ್ವಿ ಹೋದದ್ದು ಇಂಥ ಮಾತುಗಳ ನಡುವಿನಿಂದಲೇ. ಯುಜಿಸಿ 2012ರಲ್ಲೇ ನಿಯಮ ಮಾಡಿತು: ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ, ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯವಾದರೂ, ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು, ದೂರು 60 ದಿನದಲ್ಲಿ ತೀರ್ಮಾನವಾಗಬೇಕು. ರೋಹಿತ್, ಪಾಯಲ್ ಇಬ್ಬರ ತಾಯಂದಿರು ಈ ನಿಯಮ ಕಾಗದದಲ್ಲೇ ಇದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮ ಹೊರಡಿಸಿತು. ಅದೇ ತಿಂಗಳು ಕೋರ್ಟು ಅದಕ್ಕೆ ತಡೆ ಕೊಟ್ಟು, 2012ರದ್ದೇ ಮುಂದುವರಿಯಲಿ ಅಂದಿತು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ಹೆಸರು ಗೊತ್ತಾ? ನಾಳೆ ಆಫೀಸಿಗೆ ಹೋಗಿ ಕೇಳಿ. ಬಾಯಲ್ಲಿ ಹೇಳದಿದ್ದರೆ ಬರೆದು ಕೇಳಿ. ನಾಳೆ ಮಣಿಪಾಲದಿಂದ ವಿಮಾನ ಹತ್ತಿ ಹೊರದೇಶಕ್ಕೆ ಹೋದರೂ ಜಾತಿ ಸೂಟ್‌ಕೇಸಿನಲ್ಲಿ ಕೂತು ಬರುತ್ತದೆ. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ದೂರು ಕೊಟ್ಟ ಮೇಲೆ ಏನಾಗುತ್ತದೆ? ನಿಜ ಹೇಳಬೇಕು. ಬೇಗ ಏನೂ ಆಗುವುದಿಲ್ಲ. ಚಾರ್ಜ್‌ಶೀಟಾದ ಮೇಲೆ ಎರಡು ತಿಂಗಳಲ್ಲಿ ಮುಗಿಸಲು ನೋಡಬೇಕೆಂದು ಕಾಯ್ದೆ ಹೇಳುತ್ತದೆ, ಕೋರ್ಟಿನ ಕ್ಯಾಲೆಂಡರು ಬೇರೆಯೇ ಹೇಳುತ್ತದೆ. ಆ ಎಳೆದಾಟದಲ್ಲಿ ಮೊದಲು ಮುರಿಯುವುದು ಸಾಕ್ಷಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಉಳಿಸಿತು. 7 ಹೆಣಗಳಿದ್ದವು, ಸುಟ್ಟವನು ಒಬ್ಬನೂ ಇರಲಿಲ್ಲ!

ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮವರನ್ನು ಬಿಡಬೇಕೋ ಬೇಡವೋ ಎಂಬ ಜಗಳದಿಂದ ಕೇರಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಆದರೂ ಹತ್ತು ವರ್ಷ ಮಾತು ಬದಲಿಸದೆ ನಿಂತ ಸಾಕ್ಷಿಗಳಿಲ್ಲದೆ ಅಂಥ ತೀರ್ಪು ಬರುವುದಿಲ್ಲ ಎಂಬುದು ಸುಳ್ಳಾಗುವುದಿಲ್ಲ. ಬಾಬಾಸಾಹೇಬರು ಮಹಾಡದ ಚೌಡರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ. ಮೇಲ್ಜಾತಿಯವರು ಹೂಡಿದ ದಾವೆ ಬಾಂಬೆ ಹೈಕೋರ್ಟಿನಲ್ಲಿ ಸೋತದ್ದು 1937ರ ಮಾರ್ಚ್ 17ಕ್ಕೆ. ಅವರಿಗೂ ಹತ್ತು ವರ್ಷ ಹಿಡಿಯಿತು. ಅವರು ಬ್ಯಾರಿಸ್ಟರು, ನಾವು ಹಾಸ್ಟೆಲಿನವರು, ಆದರೆ ಕಾಯುವ ಕೆಲಸ ಇಬ್ಬರಿಗೂ ಒಂದೇ.

ಸಾಕ್ಷಿಗೆ ಈಗ ಕಾನೂನಿನ ಆಸರೆ ಇದೆ. 15ಎ ಕಲಮಿನಂತೆ ಜಾಮೀನಿನ ವಿಚಾರಣೆಯೂ ಸೇರಿ ಪ್ರತಿ ಹಂತದಲ್ಲಿ ನೊಂದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು, ಅವರಿಗೂ ಸಾಕ್ಷಿಗೂ ರಕ್ಷಣೆ ಕೊಡಬೇಕು. ಕೋರ್ಟಿಗೆ ಬರುವ ಸಾಕ್ಷಿಗೆ ಬಸ್ ಚಾರ್ಜು, ದಿನದ ಕೂಲಿ ಕೊಡಬೇಕು. ಇವನ್ನೆಲ್ಲ ಕೇಳಿ ಪಡೆಯಬೇಕು, ಯಾರೂ ಮನೆಗೆ ತಂದುಕೊಡುವುದಿಲ್ಲ.

ಆದ್ದರಿಂದ ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆಗಳು ಇವು. ಬೇಡಿಕೆ ಎಂಬ ಶಬ್ದದಲ್ಲಿ ಬೇಡುವುದು ಸೇರಿಕೊಂಡಿದೆ, ಆದರೆ ನಾವು ಬೇಡುತ್ತಿಲ್ಲ, ಇದ್ದದ್ದನ್ನು ಮಾಡಿ ಅನ್ನುತ್ತಿದ್ದೇವೆ.

1. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ನಿಯಮವಿದೆ. ಮಣಿಪಾಲದ ರಜತಾದ್ರಿಯಲ್ಲಿ ನಡೆಯುವ ಪ್ರತಿ ಸಭೆಯ ನಡಾವಳಿ ಕೇರಿ ಕೇರಿಗೆ, ಹಾಸ್ಟೆಲು ಹಾಸ್ಟೆಲಿಗೆ ತಲುಪಬೇಕು.

2. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಪ್ರತಿ ಠಾಣೆಯ ಬಾಗಿಲಲ್ಲಿ ಕಾಯ್ದೆಯ 4ನೆಯ ಕಲಮು ಕನ್ನಡದಲ್ಲಿ, ತುಳುವಿನಲ್ಲಿ ದೊಡ್ಡ ಅಕ್ಷರದ ಬೋರ್ಡಾಗಬೇಕು.

3. ಪ್ರತಿ ಕಾಲೇಜು ತಾರತಮ್ಯದ ದೂರು ಕೇಳುವ ಅಧಿಕಾರಿಯ ಹೆಸರನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು.

4. ಪ್ರತಿದೂರು ಬಂದ ಕೂಡಲೇ ನೊಂದವರನ್ನು ಆರೋಪಿಗಳ ಸಾಲಿನಲ್ಲಿ ನಿಲ್ಲಿಸುವ ಚಾಳಿ ನಿಲ್ಲಬೇಕು.

ಇದು ಅವರ ಕೆಲಸವಾಯಿತು. ನಮ್ಮದು? ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರಿಗೆ ಏನಾದರೂ ಅದೇ ರಾತ್ರಿ ಅದರಲ್ಲಿ ಬರೆಯಲಿ, ತಾರೀಖು ಹಾಕಲಿ, ಇಬ್ಬರು ಸಹಿ ಹಾಕಲಿ. ಮರೆವಿಗೆ ಬಿದ್ದ ಅವಮಾನ ಕೋರ್ಟಿಗೆ ಹೋಗುವುದಿಲ್ಲ. ಜಾತಿ ಪ್ರಮಾಣಪತ್ರದ ಒಂದು ಪ್ರತಿ ಸದಾ ಟ್ರಂಕಿನಲ್ಲಿರಲಿ. ಠಾಣೆಗೆ ಯಾರೂ ಒಬ್ಬರೇ ಹೋಗಬೇಡಿ, ನಾಲ್ವರು ಹೋಗಿ. ಹುಡುಗಿಯರ ಹಾಸ್ಟೆಲಿನವರು ಕರೆದರೆ ಎದ್ದು ಹೋಗಿ. ಊರಿನಲ್ಲಿ ಓದು ಬಾರದ ಚಿಕ್ಕಮ್ಮನಿಗೆ, ಗೇರುಬೀಜದ ಕಾರ್ಖಾನೆಯ ಅಕ್ಕನಿಗೆ, ಬಂದರಿನಲ್ಲಿ ಬುಟ್ಟಿ ಹೊರುವ ಪರವೂರಿನ ತಾಯಿಗೆ ದೂರು ಬರೆದುಕೊಡುವ ಕೈ ನಮ್ಮದಾಗಲಿ. ಬಿ.ಎ. ಮಾಡಿದ್ದಕ್ಕೆ, ಎಂ.ಎ. ಮಾಡಿದ್ದಕ್ಕೆ ಅದೊಂದಾದರೂ ಲೆಕ್ಕ ಇರಲಿ.

2016ರ ಅಕ್ಟೋಬರ್ 9ರಂದು ‘ಚಲೋ ಉಡುಪಿ’ ಜಾಥಾ ಬೆಂಗಳೂರಿನಿಂದ ಹೊರಟು ಈ ಊರಿಗೆ ಬಂದಿತ್ತು. ಅಂದು ಬೀದಿ ತುಂಬ ನಾವೇ ಇದ್ದೆವು. ಆ ಜನ ಮರುದಿನ ಅವರವರ ಊರಿಗೆ ಹೋದರು, ಹೋಗಲೇಬೇಕಿತ್ತು. ಮಲ್ಪೆಯ ಆ ಮರದ ಹತ್ತಿರ, ಕೋಟತಟ್ಟಿನ ಆ ಅಂಗಳದಲ್ಲಿ ಮರುದಿನವೂ ಇರುವವರು ಇಲ್ಲೇ ಓದುವ, ಇಲ್ಲೇ ಉಣ್ಣುವ ನೀವು. ನಾಳೆ ಒಬ್ಬ ಗೆಳೆಯ ‘ಬರ್ತೀಯಾ, ಸಾಕ್ಷಿ ಹೇಳ್ತೀಯಾ?’ ಅಂತ ನಿಮ್ಮ ರೂಮಿನ ಬಾಗಿಲು ತಟ್ಟುತ್ತಾನೆ. ಪರೀಕ್ಷೆ ಹತ್ತಿರ ಇರುತ್ತದೆ, ಮನೆಯಿಂದ ಬೇಡ ಅಂತ ಫೋನು ಬಂದಿರುತ್ತದೆ. ಆದರೂ ಚಪ್ಪಲಿ ಮೆಟ್ಟಿ ಹೊರಡಿ.

ಜೈ ಭೀಮ್.